ಎರಡು ಗಡಿಯಾರ, ಒಂದು ಕ್ಯಾಮರಾ

2005 ಡಿಸೆಂಬರ್ 18, ಆದಿತ್ಯವಾರ

ಇದ್ದತ್ತಿನ ಮೂವತ್ತೊಂದನೇ ದಿನ. ಗಂಡ ತೀರಿಕೊಂಡವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲ ಒಳಗೇ ಇರಬೇಕು. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಿದ್ದೇನೆ. ಜೈಲಿನಲ್ಲಿ ಇರುವವರೂ ಹೀಗೆಯೇ ಎಳೆಯುತ್ತಾರಂತೆ. ಈ ಮಾತು ನಮ್ಮವರ ತಾಯಿ ಮಾಮಿಯ ಕಿವಿಗೆ ಬಿದ್ದರೆ ನನ್ನಿಂದ ತಪ್ಪಾಯಿತೆಂದು ತೌಬಾ ಹೇಳಿಸದೆ ಬಿಡಲಿಕ್ಕಿಲ್ಲ.

ಇವತ್ತು ನಾರಾವಿಯ ಅಸ್ಕರ್ ಬಂದಿದ್ದರು. ಶಾರ್ಜಾದಲ್ಲಿ ನಮ್ಮವರ ಜೊತೆ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಇದ್ದವರು. ಮಾಮಿ ಅವರನ್ನು ಚಾವಡಿಯಲ್ಲಿ ಕೂರಿಸಿದರು, ನಾನು ಬಾಗಿಲ ಪರದೆಯ ಹಿಂದೆ ನಿಂತೆ.

"ಇಷ್ಟೇ ಇದ್ದದ್ದು. ಬಟ್ಟೆಯನ್ನೆಲ್ಲ ಅಲ್ಲಿಯೇ ದಾನ ಕೊಟ್ಟೆವು. ವಾಚು, ಕನ್ನಡಕ, ಒಂದು ಡೈರಿ, ಕ್ಯಾಮರಾ," ಅಂದರು.

"ಕ್ಯಾಮರಾ ಯಾರದ್ದು?" ಎಂದು ಕೇಳಿದರು ಮಾಮಿ.

"ಉಸ್ಮಾನಾಕನದ್ದೇ. ಕಳೆದ ಮಾರ್ಚ್‌ನಲ್ಲಿ ತಗೊಂಡ್ರು, ಸೆಕೆಂಡ್ ಹ್ಯಾಂಡ್. ನಿಮಗೆ ಹೇಳಲಿಲ್ವಾ?"

ಹೇಳಿರಲಿಲ್ಲ. ಹೇಳಿದ್ದರೆ, ಇದ್ದ ಎರಡು ಕಣ್ಣು ಸಾಲದಾಯಿತಾ ಎಂದು ನಾನು ಕೇಳುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು.

ಈಗ ಬರೆಯುತ್ತಿರುವುದು ಆ ಡೈರಿಯಲ್ಲೇ. ಅವರು ಕೆಲಸ ಮಾಡುತ್ತಿದ್ದ ಗಡಿಯಾರದ ಅಂಗಡಿಯವರು ಗಿರಾಕಿಗಳಿಗೆ ಹಂಚಿದ 2005ರ ಡೈರಿ. ಒಂದು ಅಕ್ಷರವನ್ನೂ ಬರೆದಿಲ್ಲ ಮಹಾನುಭಾವರು. ನಾನು ಜನವರಿಯ ಹಾಳೆಯಿಂದ ಶುರು ಮಾಡಿದ್ದೇನೆ. ಪ್ರತಿ ಹಾಳೆಯ ತಲೆಯಲ್ಲಿ ಅಲ್ಲಿಯ ಐದು ಹೊತ್ತಿನ ನಮಾಝಿನ ಸಮಯ ಅಚ್ಚಾಗಿದೆ. ನವೆಂಬರ್ 17ರ ಹಾಳೆಯನ್ನು ಮಾತ್ರ ನಾನು ತೆರೆಯುವುದಿಲ್ಲ.

ಅಸ್ಕರ್ ಹೋದ ಮೇಲೆ ಮಾಮಿ ಫೋನಿನ ಮೇಲಿರುವ ಗಡಿಯಾರ ತೋರಿಸಿ, "ಅದನ್ನು ತೆಗೆದಿಡುವ ಮಗಳೇ. ಅಲ್ಲಿಯ ಗಂಟೆ ಈಗ ಯಾರಿಗೆ ಬೇಕು?" ಅಂದರು. ಮಗ ಹೋದ ಮೇಲೆ ಅವರು ಜೋರಾಗಿ ಮಾತಾಡುವುದನ್ನೇ ಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಎರಡು ಗಡಿಯಾರ. ಅಡುಗೆ ಕೋಣೆಯ ಬಾಗಿಲ ಮೇಲೆ ನಮ್ಮದು. ಎದುರು ಗೋಡೆಯಲ್ಲಿ, ಫೋನಿನ ಮೇಲೆ, ಅವರದ್ದು. ಅದು ಒಂದೂವರೆ ಗಂಟೆ ಹಿಂದೆ ನಡೆಯುತ್ತದೆ. ಫೋನಿನಲ್ಲಿ ಮಾತಾಡುವಾಗ ನಾನು ಯಾವಾಗಲೂ ಅದನ್ನೇ ನೋಡುವುದು. ಈಗ ಊಟದ ಹೊತ್ತು, ಈಗ ಅಂಗಡಿ ಮುಚ್ಚಿದರು ಎಂದು ಅದನ್ನು ನೋಡಿಯೇ ಲೆಕ್ಕ ಹಾಕುವುದು.

"ಇರಲಿ ಮಾಮಿ," ಎಂದೆ. ಗಂಜಿ ಸೇರಲಿಲ್ಲ.

ಡಿಸೆಂಬರ್ 20, ಮಂಗಳವಾರ

ಮೂವತ್ತಮೂರನೇ ದಿನ.

ಸಜ್ನಾ ಮೂಡಬಿದಿರೆಯ ಹಾಸ್ಟೆಲಿಗೆ ಹೊರಡುವ ಮೊದಲು ಕ್ಯಾಮರಾದ ಯಾವ ಗುಂಡಿ ಒತ್ತಿದರೆ ಫೋಟೊ ಬರುತ್ತದೆ ಎಂದು ತೋರಿಸಿಕೊಟ್ಟಳು. ಅಕ್ಷರವೆಲ್ಲ ಜಪಾನಿನದ್ದಂತೆ, ಇರುವೆ ಸಾಲು ಕೆದರಿದ ಹಾಗೆ ಕಾಣುತ್ತದೆ. ಅಂಕೆ ಮಾತ್ರ ನಮ್ಮ ಅಂಕೆ.

ಮಗಳು ಹೋದ ಮೇಲೆ ನೋಡಿದೆ. ನಲ್ವತ್ತು ಫೋಟೊ. ಮೀನು ಮಾರ್ಕೆಟ್, ಅಂಗಡಿ, ಅಂಗಡಿಯ ಬೆಕ್ಕು. ಅಂಜಲ್ ಮೀನು ಒಬ್ಬ ಗಂಡಸಿನಷ್ಟು ಉದ್ದ ಇರುತ್ತದೆ ಎಂದು ಅವರು ಒಮ್ಮೆ ಹೇಳಿದ್ದರು, ನಾನು ಬೊಗಳೆ ಎಂದಿದ್ದೆ. ಅಂಜಲಿನ ಪಕ್ಕ ಅಸ್ಕರನ್ನು ನಿಲ್ಲಿಸಿ ತೆಗೆದಿದ್ದಾರೆ. ಅಸ್ಕರರ ಹೆಗಲವರೆಗೆ ಬಂದಿದೆ. ನನಗೆ ತೋರಿಸಲಿಕ್ಕೇ ಇಟ್ಟದ್ದು, ಸಂಶಯವಿಲ್ಲ.

ಕೊನೆಯ ಫೋಟೊದಲ್ಲಿ ಅವರೇ ಇದ್ದಾರೆ. ಕೋಣೆಯ ಕನ್ನಡಿಯ ಮುಂದೆ ಕ್ಯಾಮರಾ ಹಿಡಿದು ನಿಂತಿದ್ದಾರೆ. ಬನಿಯನ್, ಹೆಗಲಲ್ಲಿ ಟವೆಲ್. ನಗೆ ಬರುವ ಮೊದಲು ಅವರ ಬಾಯಿ ಒಂದು ಪಕ್ಕಕ್ಕೆ ಹೋಗುತ್ತದೆ, ಹಾಗೆ ಹೋಗಿದೆ.

ಕೂದಲು ಕಪ್ಪು.

ಅವರ ತಲೆ ನೆರೆತು ಹತ್ತು ವರ್ಷವಾಯಿತು. ಬಣ್ಣ ಹಚ್ಚುವುದು ಊರಿಗೆ ಹೊರಡುವಾಗ ಮಾತ್ರ. ವಿಮಾನ ಇಳಿಯುವಾಗ ಹೆಂಡತಿಗೆ ಪ್ರಾಯದ ಗಂಡ ಕಾಣಬೇಕು ಎಂದು. ಮಾಮಿ ಬೈಯುತ್ತಿದ್ದರು, "ಮದರಂಗಿ ಹಚ್ಚು, ಕಪ್ಪು ಒಳ್ಳೆಯದಲ್ಲ." ನಾನು ಬೈಯುತ್ತಿದ್ದದ್ದು ಬೇರೆ ಕಾರಣಕ್ಕೆ: ಕಿವಿಗೆ ಎಣ್ಣೆ ಸವರದೆ ಬಣ್ಣ ಹಚ್ಚಿ, ಪ್ರತಿ ಸಲವೂ ಕಿವಿಯ ಮೇಲೆ ಕಲೆ ಹೊತ್ತು ಬರುತ್ತಿದ್ದರು. ಫೋಟೊದಲ್ಲೂ ಎಡ ಕಿವಿಯ ಮೇಲೆ ಕಲೆ ಇದೆ.

ಹಾಗಾದರೆ ಬರುವವರಿದ್ದರು.

ಬರೆದೇ ಬಿಡುತ್ತೇನೆ, ಇಲ್ಲಿ ಯಾರು ಓದುತ್ತಾರೆ. ನವೆಂಬರ್ 17, ಗುರುವಾರ ಸಂಜೆ ಫೋನ್ ಮಾಡಿದ್ದರು. ಬಕ್ರೀದಿಗೆ ಬರುತ್ತೇನೆ ಎಂದಿದ್ದವರು, ಸೀಸನ್ ಮುಗಿಯುವವರೆಗೆ ಮಾಲಕರು ರಜೆ ಕೊಡುವುದು ಅನುಮಾನ ಎಂದರು. ಎರಡು ವರ್ಷ ಎರಡು ತಿಂಗಳಾಗಿತ್ತು ಅವರ ಮುಖ ನೋಡಿ. ನನಗೆ ತಲೆ ಕೆಟ್ಟಿತು. "ಹಾಗಾದರೆ ಬರುವುದೇ ಬೇಡ, ಅಲ್ಲೇ ಇರಿ!" ಎಂದು ಬೊಬ್ಬೆ ಹಾಕಿ ಫೋನ್ ಕುಕ್ಕಿದೆ. ಗಡಿಯಾರದಲ್ಲಿ ಏಳು ಇಪ್ಪತ್ತು. ಆ ಮುಳ್ಳು ಇನ್ನೂ ಕಣ್ಣಲ್ಲಿದೆ. ಉಳಿದಂತೆ ಆ ಸಂಜೆ ಏನು ಮಾಡಿದೆ, ಏನು ತಿಂದೆ, ಒಂದೂ ನೆನಪಿಲ್ಲ.

ಮರುದಿನ ಬೆಳಿಗ್ಗೆ ಸುಬ್‌ಹಿ ನಮಾಝಿಗೆ ಎದ್ದವರು ಎದೆ ಹಿಡಿದುಕೊಂಡು ಕೂತರಂತೆ. ದಫನವೂ ಅಲ್ಲಿಯೇ ಆಯಿತು. ಅಲ್ಲೇ ಇರಿ ಎಂದೆ, ಅಲ್ಲೇ ಉಳಿದರು. ಈ ಮಾತು ಯಾರಿಗೂ ಗೊತ್ತಿಲ್ಲ. ಮಾಮಿ ಆಗ ಒಳಕೋಣೆಯಲ್ಲಿ ಚಾಪೆಯ ಮೇಲೆ ಜಪಮಣಿ ಹಿಡಿದು ದ್ಸಿಕ್ರಿನಲ್ಲಿದ್ದರು. ಅವರಿಗೆ ಕಿವಿಯೂ ಮಂದ.

ಈಗ ನನಗೆ ಒಂದೇ ಒಂದು ವಿಷಯ ಗೊತ್ತಾಗಬೇಕು. ಬಣ್ಣ ಹಚ್ಚಿದ್ದು ಆ ಮಾತಿಗಿಂತ ಮೊದಲೋ, ನಂತರವೋ? ಮೊದಲಾಗಿದ್ದರೆ, ಬರುವ ಆಸೆಯಿಂದ ತಲೆಗೆ ಕಪ್ಪು ಹಚ್ಚಿ ಕೂತಿದ್ದವರಿಗೆ ನಾನು ಅಲ್ಲೇ ಇರಿ ಎಂದೆ.

ಫೋಟೊದ ಮೂಲೆಯಲ್ಲಿ ತಾರೀಕು ಇದೆ: 2003 ಜನವರಿ 1, ಬೆಳಿಗ್ಗೆ 5:12. ಕ್ಯಾಮರಾ ಕೊಂಡದ್ದೇ 2005ರ ಮಾರ್ಚ್‌ನಲ್ಲಿ!

ಡಿಸೆಂಬರ್ 24, ಶನಿವಾರ

ಮೂವತ್ತೇಳು.

ಕೊನೆಯ ಫೋಟೊಗಿಂತ ಎರಡು ಹಿಂದೆ ಅಂಗಡಿಯದ್ದು ಒಂದಿದೆ. ಅದಕ್ಕೂ 2003ರ ಜನವರಿ 1, ಸಮಯ 0:02. ಗೋಡೆ ತುಂಬ ಗಡಿಯಾರ. ಭೂತಗನ್ನಡಿ ಹಿಡಿದು ನೋಡಿದೆ, ಒಂದರಲ್ಲಿ ಗಂಟೆ ಹತ್ತು ಹತ್ತು. ಸಿಕ್ಕಿಬಿದ್ದಿರಿ ಎಂದುಕೊಂಡೆ. ಎರಡನೆಯದ್ದೂ ಹತ್ತು ಹತ್ತು. ಮೂರನೆಯದ್ದೂ ಹಾಗೆಯೇ. ಆಗ ನೆನಪಾಯಿತು, ಮಾರಾಟಕ್ಕಿಟ್ಟ ಗಡಿಯಾರಕ್ಕೆ ಸೆಲ್ ಹಾಕುವುದಿಲ್ಲ, ಮುಳ್ಳನ್ನು ಹತ್ತು ಹತ್ತಕ್ಕೆ ನಿಲ್ಲಿಸಿಡುತ್ತಾರೆ, ಹಾಗಿಟ್ಟರೆ ಗಡಿಯಾರ ನಕ್ಕ ಹಾಗೆ ಕಾಣುತ್ತದೆ ಎಂದು ಅವರೇ ಹೇಳಿದ್ದರು.

ಅರುವತ್ತು ಗಡಿಯಾರ ಎಣಿಸಿದೆ. ಸಾಕ್ಷಿಗೆ ಒಂದೂ ಬರಲಿಲ್ಲ.

2006 ಜನವರಿ 2, ಸೋಮವಾರ

ನಲ್ವತ್ತಾರು. ಕ್ಯಾಮರಾದ ಸೆಲ್ ಸತ್ತಿತು. ಪಕ್ಕದ ಮನೆಯ ದಮಯಂತಿ ಎರಡು ಪೆನ್ಸಿಲ್ ಸೆಲ್ ತಂದುಕೊಟ್ಟಳು. ಮೂಡಬಿದಿರೆಯ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಮಾಡುವ ಕೆಲಸ ಅವಳದ್ದು, ಈ ಯಂತ್ರಗಳೆಲ್ಲ ಅವಳಿಗೆ ಗೊತ್ತು.

ಹೊಸ ಸೆಲ್ ಹಾಕಿ ಮಾಮಿಯ ಎಲೆ ಅಡಿಕೆಯ ತಟ್ಟೆಯದ್ದು ಒಂದು ಫೋಟೊ ತೆಗೆದೆ. ತಾರೀಕು: 2003 ಜನವರಿ 1, 0:01.

"ಇದರ ಒಳಗೆ ಒಂದು ಪುಟ್ಟ ಸೆಲ್ ಇರ್ತದೆ ರುಕಿಯಕ್ಕ, ಗಂಟೆ ನೆನಪಿಟ್ಟುಕೊಳ್ಳಲಿಕ್ಕೆ," ಎಂದಳು ದಮಯಂತಿ. "ಅದು ಹೋಗಿದೆ. ಹೊರಗಿನ ಸೆಲ್ ಬದಲಿಸಿದ ಕೂಡಲೇ ಎಲ್ಲ ಮರೆತು ಹುಟ್ಟಿದ ದಿನಕ್ಕೆ ಹೋಗ್ತದೆ. ಸರಿ ಮಾಡುವ ಅಂದ್ರೆ ಜಪಾನಿ ಓದಲಿಕ್ಕೆ ಬರಬೇಕಲ್ಲ ಮಾರಾಯ್ತಿ."

ದಿನವಿಡೀ ಗಡಿಯಾರ ರಿಪೇರಿ ಮಾಡುವವರ ಕೈಯಲ್ಲಿ ಇಂಥ ಕ್ಯಾಮರಾ. ಅವರಿದ್ದಿದ್ದರೆ ಎಷ್ಟು ತಮಾಷೆ ಮಾಡುತ್ತಿದ್ದೆ.

ಜನವರಿ 11, ಬುಧವಾರ

ಬಕ್ರೀದ್. ಬರೆಯಲಿಕ್ಕೆ ಏನೂ ಇಲ್ಲ.

ಜನವರಿ 23, ಸೋಮವಾರ

ಅರುವತ್ತೇಳೋ ಅರುವತ್ತೆಂಟೋ, ನಾಳೆ ಎಣಿಸುತ್ತೇನೆ.

ಒಂದು ಪರೀಕ್ಷೆ ಮಾಡಿದೆ. ಎಸೆಸೆಲ್ಸಿಯಲ್ಲಿ ನನಗೆ ಗಣಿತದಲ್ಲಿ ತೊಂಬತ್ತೊಂದು ಬಂದಿತ್ತು, ಅದು ಇಷ್ಟು ವರ್ಷ ಮೀನಿನ ಲೆಕ್ಕಕ್ಕೆ ಮಾತ್ರ ಉಪಯೋಗವಾಗಿದೆ. ದಿನಾ ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ ಅಡುಗೆ ಬಾಗಿಲ ಮೇಲಿನ ಗಡಿಯಾರದ ಫೋಟೊ ತೆಗೆಯುವುದು. ಫೋಟೊದೊಳಗಿನ ಗಂಟೆ ಎಷ್ಟು, ಮೂಲೆಯಲ್ಲಿ ಬರೆದ ಗಂಟೆ ಎಷ್ಟು, ಕಳೆಯುವುದು. ಆರು ದಿನ ಮಾಡಿದೆ. ಆರು ದಿನವೂ ಒಂದೇ ವ್ಯತ್ಯಾಸ. ಒಂದು ನಿಮಿಷವೂ ಆಚೀಚೆ ಇಲ್ಲ.

ಅಂದರೆ ಇದಕ್ಕೆ ಈಗ ಎಷ್ಟು ಗಂಟೆ ಎಂದು ಗೊತ್ತಿಲ್ಲ, ಎಷ್ಟು ಹೊತ್ತು ಕಳೆಯಿತು ಎಂದು ಮಾತ್ರ ಸರಿಯಾಗಿ ಗೊತ್ತಿದೆ. ಸೆಲ್ ಹಾಕಿದ ಮೇಲೆ ತೆಗೆದ ಯಾವುದಾದರೂ ಒಂದು ಫೋಟೊದ ನಿಜವಾದ ಸಮಯ ಸಿಕ್ಕಿದರೆ ಸಾಕು, ಅಲ್ಲಿಂದ ಕೂಡಿಸಿಕೊಂಡು ಕೊನೆಯದ್ದಕ್ಕೆ ಹೋಗಬಹುದು.

ಮಾಮಿ ನನ್ನನ್ನೇ ನೋಡುತ್ತಿದ್ದರು. "ದಿನಾ ಅದೇ ಗಡಿಯಾರದ ಫೋಟೊ ಯಾಕೆ? ಅದೇನು ಬೆಳೆಯುತ್ತದಾ?" ಎಂದು ಕೇಳಿದರು. ನನಗೆ ನಗು ಬಂತು. ಅವರಿಗೂ ಬಂತು. ಸಂಜೆ ಬಂಗುಡೆ ಸಾರಿಗೆ ಅಕ್ಕಿಹಿಟ್ಟಿನ ಪತ್ತಿರ್ ಮಾಡಿದೆ, ಮೂರು ತಿಂದೆ.

ಫೆಬ್ರವರಿ 5, ಆದಿತ್ಯವಾರ

ಅಂಗಡಿಯ ಫೋಟೊ 0:02ಕ್ಕೆ. ಕನ್ನಡಿಯ ಫೋಟೊ 5:12ಕ್ಕೆ. ನಡುವೆ 4:15ಕ್ಕೆ ಒಂದಿದೆ, ಬರೀ ಕಿಟಕಿ, ಕೆಂಪು ಕೆಂಪಾಗಿ. ಕೈ ತಪ್ಪಿ ಒತ್ತಿದ್ದಿರಬೇಕು. ಅದರಿಂದ ಏನೂ ಸಿಗುವುದಿಲ್ಲ.

ದಮಯಂತಿ ಕ್ಯಾಮರಾವನ್ನೇ ಸ್ಟುಡಿಯೋಗೆ ಕೊಂಡುಹೋಗಿದ್ದಾಳೆ, ದೊಡ್ಡ ಪರದೆಯಲ್ಲಿ ನೋಡಲಿಕ್ಕೆ. ಯಾಕೆಂದು ಅವಳಿಗೆ ಹೇಳಿಲ್ಲ. ಸುಮ್ಮನೆ ಕುತೂಹಲ ಎಂದೆ. ಒಂದು ರೀತಿಯಲ್ಲಿ ಅದು ಸುಳ್ಳೂ ಅಲ್ಲ. ಕ್ಯಾಮರಾ ಇಲ್ಲದೆ ಕೈ ಖಾಲಿ ಅನಿಸುತ್ತಿದೆ.

ಫೆಬ್ರವರಿ 12, ಆದಿತ್ಯವಾರ

ದಮಯಂತಿ ಬಂದವಳೇ, "ರುಕಿಯಕ್ಕ, ಅದು ನಲ್ವತ್ತು ಫೋಟೊ ಅಲ್ಲ. ಮೂವತ್ತೊಂಬತ್ತು ಫೋಟೊ, ಒಂದು ವಿಡಿಯೋ," ಅಂದಳು. ಆ ಕೆಂಪು ಕಿಟಕಿಯೇ. ಕ್ಯಾಮರಾದಲ್ಲಿ ಸ್ಪೀಕರ್ ಇಲ್ಲದ್ದಕ್ಕೆ, ಗುಂಡಿ ಗೊತ್ತಿಲ್ಲದ್ದಕ್ಕೆ ನಮಗೆ ತಿಳಿಯಲೇ ಇಲ್ಲ. ಸಿ.ಡಿ. ಮಾಡಿ ತಂದಿದ್ದಳು. ಸಜ್ನಾ ಟಿ.ವಿ.ಗೆ ಹಾಕಿದಳು.

ಇಪ್ಪತ್ತು ಸೆಕೆಂಡ್. ಕಿಟಕಿ, ಎದುರಿನ ಕಟ್ಟಡ, ಹಿಂದೆ ಕೆಂಪು ಆಕಾಶ. ಆಮೇಲೆ ಅವರ ಸ್ವರ.

"ಇದರಲ್ಲಿ ಸಿನಿಮಾ ಕೂಡ ಬರ್ತದಂತೆ. ರುಕಿಯಾಗೆ ಹೇಳಿದ್ರೆ ನಂಬ್ಲಿಕ್ಕಿಲ್ಲ."

ಅಷ್ಟರಲ್ಲಿ ನಮಾಝಿಗೆ ಕರೆಯುವ ಬಾಂಗ್ ಶುರುವಾಗುತ್ತದೆ. ಹತ್ತಿರದ ಪಳ್ಳಿಯದ್ದಿರಬೇಕು, ಜೋರಾಗಿದೆ. ಅವರು ಮಾತು ನಿಲ್ಲಿಸುತ್ತಾರೆ. ಕ್ಯಾಮರಾ ಕೆಳಗಿಳಿಸುವಾಗ ಗೋಡೆಯ ಕನ್ನಡಿ ಅರೆಗಳಿಗೆ ಹಾದುಹೋಗುತ್ತದೆ. ಕನ್ನಡಿಯಲ್ಲಿ ಅವರು. ತಲೆ ಪೂರ್ತಿ ಬೆಳ್ಳಗೆ.

ನಾನು ಅತ್ತೆ. ಆ ಸ್ವರ ಇನ್ನು ಕೇಳಲಿಕ್ಕಿಲ್ಲ ಎಂದುಕೊಂಡಿದ್ದೆ. ಮಾಮಿ ಟಿ.ವಿ.ಯ ಗಾಜಿಗೆ ಕೈಯಿಟ್ಟು, "ಬಾಂಗ್ ಕೊಡುವಾಗ ಮಾತು ನಿಲ್ಲಿಸಿದ, ನೋಡು. ನಾನು ಕಲಿಸಿದ್ದು," ಎಂದರು. ನಾಲ್ಕು ಸಲ ಹಾಕಿಸಿದರು.

ಐದನೇ ಸಲ ಹಾಕುವಾಗ ನನಗೆ ಹೊಳೆಯಿತು. ಬಾಂಗ್! ಬಾಂಗಿಗಿಂತ ಸರಿಯಾದ ಗಡಿಯಾರ ಎಲ್ಲುಂಟು? ಕೆಂಪು ಆಕಾಶ, ಹಾಗಾದರೆ ಸೂರ್ಯ ಮುಳುಗಿದ ಕೂಡಲೇ ಕೊಡುವ ಮಗ್ರಿಬಿನದ್ದು. ಶಾರ್ಜಾದ ಮಗ್ರಿಬಿನ ಸಮಯ ನಿಮಿಷ ಸಮೇತ ಈ ಡೈರಿಯಲ್ಲೇ ಅಚ್ಚಾಗಿದೆ. ಯಾವ ದಿನದ ಮಗ್ರಿಬ್ ಎಂದು ಗೊತ್ತಾದರೆ ಮುಗಿಯಿತು.

ಫೆಬ್ರವರಿ 21, ಮಂಗಳವಾರ

ಅಸ್ಕರ್ ಶಾರ್ಜಾಕ್ಕೆ ವಾಪಸ್ ಹೋಗಿದ್ದಾರೆ. ಫೋನ್ ಮಾಡಿಸಿದೆ. ಮಾತಾಡಿದ್ದು ಮಾಮಿ, ಹೇಳಿಕೊಟ್ಟದ್ದು ನಾನು.

"ಕ್ಯಾಮರಾಕ್ಕೆ ಕೊನೆಗೆ ಸೆಲ್ ಹಾಕಿದ್ದು ಯಾವತ್ತು ಅಂತ ಕೇಳಿ ಮಾಮಿ."

"ಅಸ್ಕರೇ, ಕ್ಯಾಮರಾಕ್ಕೆ ಎಣ್ಣೆ ಹಾಕಿದ್ದು ಯಾವಾಗ?"

"ಎಣ್ಣೆ ಅಲ್ಲ, ಸೆಲ್!"

ಮೂರು ಸಲ ಕೇಳಿದ ಮೇಲೆ ಉತ್ತರ ಬಂತು. ಆ ಗುರುವಾರ ಮಧ್ಯಾಹ್ನ ಊಟಕ್ಕೆ ಹೋದಾಗ ಇಬ್ಬರೂ ಒಟ್ಟಿಗೆ ಸೆಲ್ ಕೊಂಡದ್ದು, ಅಂಗಡಿಗೆ ಬಂದು ಹಾಕಿ ಒಂದು ಫೋಟೊ ತೆಗೆದದ್ದು. ಕೂಡಲೇ ಅಸ್ಕರ್ ಕೆಲಸದ ಮೇಲೆ ಅಬುಧಾಬಿಗೆ ಹೋದರು. ಮರಳಿ ಬಂದದ್ದು ಶುಕ್ರವಾರ, ಸುದ್ದಿ ಕೇಳಿ. ಬಣ್ಣ ಯಾವಾಗ ಹಚ್ಚಿದರು ಎಂದು ಅವರಿಗೆ ಗೊತ್ತಿಲ್ಲ. ರಜೆಗೆ ಮಾಲಕರು ಆ ಮಧ್ಯಾಹ್ನವೂ "ನೋಡುವ" ಎಂದಷ್ಟೇ ಹೇಳಿದ್ದರಂತೆ.

ಊಟದ ಹೊತ್ತಿಗೆ ಸೆಲ್, ನಾಲ್ಕೂಕಾಲು ಗಂಟೆ ಬಿಟ್ಟು ಬಾಂಗ್. ಸರಿಯಾಗಿ ಕೂಡುತ್ತದೆ. ಅದು ನವೆಂಬರ್ 17ರದ್ದೇ.

ಹಾಳೆ ಇವತ್ತು ತೆರೆಯುವುದಿಲ್ಲ. ದಮಯಂತಿಗೆ ನೀರುದೋಸೆ ಕೊಟ್ಟು ಕಳಿಸಿದೆ. ಅವಳ ಫೋಟೊವೂ ಒಂದು ತೆಗೆದೆ, ದೋಸೆ ಬಾಯಲ್ಲಿ ಇರುವಾಗ.

ಮಾರ್ಚ್ 3, ಶುಕ್ರವಾರ

ತೆರೆದೆ. ಮಗ್ರಿಬ್ 5:33.

ಬಾಂಗಿನ ವಿಡಿಯೋ 4:15, ಕನ್ನಡಿಯ ಫೋಟೊ 5:12. ನಡುವೆ ಐವತ್ತೇಳು ನಿಮಿಷ. ಐದು ಮೂವತ್ತಮೂರಕ್ಕೆ ಐವತ್ತೇಳು ಕೂಡಿಸಿದರೆ ಆರೂವರೆ.

ಬಾಂಗ್ ಆಗುವಾಗ ತಲೆ ಬಿಳಿ, ಶಾರ್ಜಾದ ಆರೂವರೆಗೆ ತಲೆ ಕಪ್ಪು. ನಾನು ಫೋನ್ ಕುಕ್ಕಿದ್ದು ಅವರ ಗಡಿಯಾರದಲ್ಲಿ ಏಳು ಇಪ್ಪತ್ತಕ್ಕೆ.

ಐವತ್ತು ನಿಮಿಷ ಮೊದಲೇ ಹಚ್ಚಿ ಆಗಿತ್ತು.

ಮೂರು ಸಲ ಲೆಕ್ಕ ಮಾಡಿದೆ. ಗಣಿತದಲ್ಲಿ ತೊಂಬತ್ತೊಂದು ಬಂದದ್ದು ಇದಕ್ಕೆ.

ಮಾರ್ಚ್ 10, ಶುಕ್ರವಾರ

ಕ್ಯಾಮರಾ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ.

ಮಾರ್ಚ್ 19, ಆದಿತ್ಯವಾರ

ಇವತ್ತಿನದ್ದನ್ನು ಒಂದೂ ಬಿಡದೆ ಬರೆಯಬೇಕು.

ಮಧ್ಯಾಹ್ನ ದಮಯಂತಿ ಬಂದಳು. ವಾರದಿಂದ ನಾನು ಬಾಗಿಲಿಗೂ ಬಂದಿರಲಿಲ್ಲ. ಮಾಮಿ ಮಲಗಿದ್ದರು. "ಎಂತ ರುಕಿಯಕ್ಕ, ಹುಷಾರಿಲ್ವಾ? ಕ್ಯಾಮರಾ ಎಲ್ಲಿ?" ಎಂದು ಕೇಳಿದಳು. ಏನೂ ಇಲ್ಲ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ. ಫೋನು, ಬಣ್ಣ, ಐವತ್ತೇಳು ನಿಮಿಷ, ಎಲ್ಲ ಹೇಳಿಬಿಟ್ಟೆ. ಕೊನೆಗೆ ಆ ಮಾತನ್ನೂ ಹೇಳಿದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅದು ನನ್ನ ಬಾಯಿಂದ ಹೊರಗೆ ಬಂದದ್ದು.

ದಮಯಂತಿ ತಲೆ ತಗ್ಗಿಸಿ, "ನನಗೆ ಗೊತ್ತುಂಟು ರುಕಿಯಕ್ಕ," ಅಂದಳು.

"ಯಾರು ಹೇಳಿದ್ದು?"

"ಯಾರೂ ಹೇಳಿದ್ದಲ್ಲ. ನಾನೇ ಕೇಳಿದ್ದು. ನಿಮ್ಮ ಗೇಟಿನ ಹತ್ತಿರ ಹೋಗ್ತಾ ಇದ್ದೆ. ನಿಮ್ಮ ಸ್ವರ ಗೊತ್ತಲ್ಲ, ವಾಮದಪದವು ಪೇಟೆಗೇ ಕೇಳ್ತದೆ. ಆಗ ನಾನು ನಗಾಡಿಕೊಂಡು ಹೋದೆ. ಗಂಡನಿಗೆ ಬೈಯುವುದು ನಿಮ್ಮ ಮನೆಯಲ್ಲಿ ಮಾತ್ರವಾ? ಮರುದಿನ ಆ ಸುದ್ದಿ ಬಂತು. ಮತ್ತೆ ಯಾವ ಮುಖ ಇಟ್ಟುಕೊಂಡು ಹೇಳುವುದು?"

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಆದರೂ ನನ್ನೊಳಗಿನ ಲೆಕ್ಕದವಳು ಸುಮ್ಮನಿರಲಿಲ್ಲ: ಶಾರ್ಜಾದ ಏಳು ಇಪ್ಪತ್ತೆಂದರೆ ನಮ್ಮ ಎಂಟು ಐವತ್ತು.

"ರಾತ್ರಿ ಎಂಟು ಐವತ್ತಕ್ಕೆ ನೀನು ರಸ್ತೆಯಲ್ಲಿ ಎಂತ ಮಾಡ್ತಿದ್ದೆ?"

"ಎಂಟು ಐವತ್ತಾ? ನಾನು ಮೂಡಬಿದಿರೆಯಿಂದ ಬಸ್ಸಿಳಿದು ಬರ್ತಾ ಇದ್ದೆ. ಏಳೂಕಾಲಿಗೆ ಇಲ್ಲಿಗೆ ಬರುವ ಬಸ್ಸು. ಎಂಟರ ಮೇಲೆ ಈ ದಾರಿಯಲ್ಲಿ ಬಸ್ಸೇ ಇಲ್ಲ ಮಾರಾಯ್ತಿ."

ಏಳೂಕಾಲಿಗೆ ಬಸ್ಸಿಳಿದು ನಮ್ಮ ಗೇಟಿಗೆ ನಡೆಯಲು ಐದು ನಿಮಿಷ. ಏಳು ಇಪ್ಪತ್ತು. ನಮ್ಮ ಏಳು ಇಪ್ಪತ್ತು!

ಎದ್ದು ಫೋನಿನ ಹತ್ತಿರ ಹೋದೆ. ಅವತ್ತು ನಿಂತ ಹಾಗೆ ನಿಂತೆ. ಎದುರಿಗೆ ಅವರ ಗಡಿಯಾರ. ಫೋನ್ ಕುಕ್ಕಿ ಮುಖ ತಿರುಗಿಸಿದೆ. ಮುಖ ತಿರುಗಿಸಿದರೆ ಎದುರಿಗೆ ಅಡುಗೆ ಕೋಣೆಯ ಬಾಗಿಲು, ಮೇಲೆ ನಮ್ಮ ಗಡಿಯಾರ. ಫೋನಿನಲ್ಲಿ ಮಾತಾಡುವಾಗಲೆಲ್ಲ ಅವರ ಗಡಿಯಾರವನ್ನೇ ನೋಡುತ್ತೇನೆ ನಿಜ. ಆದರೆ ಸಿಟ್ಟು ಬಂದರೆ ಅತ್ತ ನೋಡುವವಳಲ್ಲ ನಾನು. ಇಷ್ಟು ಗೊತ್ತಾಗಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ನಮ್ಮ ಏಳು ಇಪ್ಪತ್ತು ಎಂದರೆ ಶಾರ್ಜಾದ ಐದು ಐವತ್ತು. ಐದು ಮೂವತ್ತಮೂರಕ್ಕೆ ಬಾಂಗ್. ಪಳ್ಳಿಗೆ ಹೋಗಿ ನಮಾಝ್ ಮಾಡಿ ಬಂದು ನನಗೆ ಫೋನ್ ಮಾಡಿದ್ದಾರೆ. ನಾನು ಬೈದು ಇಟ್ಟಾಗ ಐದು ಐವತ್ತು. ಫೋಟೊ ಆರೂವರೆಗೆ. ನಡುವೆ ನಲ್ವತ್ತು ನಿಮಿಷ.

"ದಮಯಂತಿ, ಆ ಕಪ್ಪು ಬಣ್ಣ ಹಚ್ಚಿ ಎಷ್ಟು ಹೊತ್ತು ಬಿಡಬೇಕು?"

"ನಮ್ಮ ಮನೆಯವರು ಅರ್ಧ ಗಂಟೆ ಬಿಡ್ತಾರೆ. ಮತ್ತೆ ತೊಳೆಯುವುದು."

ಅರ್ಧ ಗಂಟೆ ಬಿಟ್ಟು, ತೊಳೆದು, ಒರೆಸಿ, ಕನ್ನಡಿಯ ಮುಂದೆ ನಿಂತರೆ ಸರಿಯಾಗಿ ನಲ್ವತ್ತು ನಿಮಿಷ. ನಾನು ಅಲ್ಲೇ ಇರಿ ಎಂದೆ. ಅವರು ಫೋನ್ ಇಟ್ಟು ಎದ್ದು ಹೋಗಿ ಬಣ್ಣದ ಬಾಟ್ಲಿ ತೆಗೆದರು.

ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ, ದಮಯಂತಿಯ ಸೀರೆಯ ಸೆರಗು ಒದ್ದೆಯಾಗಿತ್ತು. ಗದ್ದಲಕ್ಕೆ ಮಾಮಿ ಎದ್ದು ಬಂದರು. ಅವರಿಗೂ ಎಲ್ಲ ಹೇಳಿದೆ, ಆ ಮಾತನ್ನೂ ಸೇರಿಸಿ. ಅವರು ಬಹಳ ಹೊತ್ತು ನನ್ನ ತಲೆ ಸವರಿದರು. "ನಿನ್ನ ಮಾತಿಗೆ ಅವನು ಅಲ್ಲಿ ಉಳಿದದ್ದಾ? ಅವನ ಮಣ್ಣು ಎಲ್ಲಿ ಎಂದು ಅಲ್ಲಾಹು ಮೊದಲೇ ಬರೆದಿದ್ದ," ಎಂದರು. ಮತ್ತೆ, "ಆದರೆ ಕಪ್ಪು ಹಚ್ಚಬಾರದಿತ್ತು. ಮದರಂಗಿ ಹಚ್ಚಬೇಕಿತ್ತು," ಎಂದೂ ಸೇರಿಸಿದರು.

ಮಾರ್ಚ್ 26, ಆದಿತ್ಯವಾರ

ಡೈರಿಯ ನವೆಂಬರ್ 17ರ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಒಳ್ಳೆಯ ಹಾಳೆ, ಹಾಳು ಮಾಡುವುದು ಯಾಕೆ.

ಬೆಳಿಗ್ಗೆ ಮಾಮಿ ಬಂದು, "ಇದ್ದತ್ ನಿನ್ನೆಗೆ ಮುಗಿಯಿತು, ನಿನಗೆ ಗೊತ್ತೇ ಇಲ್ವಾ?" ಎಂದು ಕೇಳಿದರು. ಕ್ಯಾಲೆಂಡರ್ ನೋಡಿದೆ. ಗೆರೆಗಳು ಫೆಬ್ರವರಿ 11ಕ್ಕೆ ನಿಂತಿವೆ. ಆಮೇಲೆ ಎಳೆಯಲು ಮರೆತಿದ್ದೇನೆ, ಕ್ಯಾಮರಾದ ಗಡಿಬಿಡಿಯಲ್ಲಿ ಆಗಿರಬೇಕು.

ಸ್ಟುಡಿಯೋದಲ್ಲಿ ಇವತ್ತು ಅರ್ಧ ದಿನ ಕೆಲಸ ಇತ್ತು, ದಮಯಂತಿಯ ಜೊತೆ ಬಸ್ಸಿನಲ್ಲಿ ನಾನೂ ಮೂಡಬಿದಿರೆಗೆ ಹೋದೆ. ಸಿದ್ದಕಟ್ಟೆಯ ತಿರುವಿನಲ್ಲಿ ಗಾಳಿ ಮುಖಕ್ಕೆ ಹೊಡೆದಾಗ ಕಣ್ಣು ಮುಚ್ಚಿಕೊಂಡೆ. ಬಸ್ಸಿನ ಕಿಟಕಿಯಿಂದ ಆರು ಫೋಟೊ ತೆಗೆದೆ, ಐದು ಕೆಟ್ಟುಹೋಗಿವೆ. ಹಾಸ್ಟೆಲಿನಿಂದ ಸಜ್ನಾ ಬಂದಳು. ಕನ್ನಡಿಯ ಫೋಟೊವನ್ನು ದೊಡ್ಡದು ಮಾಡಿಸಲು ಕೊಟ್ಟೆ.

ಸ್ಟುಡಿಯೋದ ಜತ್ತಪ್ಪಣ್ಣ ಕಂಪ್ಯೂಟರಿನಲ್ಲಿ ನೋಡಿ, "ಮೂಲೆಯಲ್ಲಿ ತಾರೀಕು ತಪ್ಪು ಉಂಟಲ್ಲ ಅಕ್ಕ, ತೆಗೆಯುವನಾ?" ಎಂದು ಕೇಳಿದರು.

"ಇರಲಿ."

"ಕಿವಿಯ ಮೇಲೆ ಒಂದು ಕಪ್ಪು ಕಲೆ ಉಂಟು. ಅದನ್ನು ತೆಗೆಯುವುದು ಒಂದು ನಿಮಿಷದ ಕೆಲಸ."

"ಅದಂತೂ ಬೇಡವೇ ಬೇಡ," ಎಂದೆ. ನನ್ನ ಸ್ವರ ಸ್ವಲ್ಪ ಜೋರಾಯಿತೇನೋ, ಹೊರಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು.

ಫೋಟೊ ಈಗ ಫೋನಿನ ಮೇಲೆ, ಅವರ ಗಡಿಯಾರದ ಪಕ್ಕದಲ್ಲಿದೆ. ಗಡಿಯಾರಕ್ಕೆ ಮಾಮಿಯೇ ಹೊಸ ಸೆಲ್ ಹಾಕಿಸಿದರು. ಬರೆಯುತ್ತಾ ತಲೆಯೆತ್ತಿದರೆ ಎಡ ಕಿವಿಯ ಆ ಕಲೆ ಕಾಣುತ್ತದೆ. ಬಣ್ಣ ಹಚ್ಚುವ ಮೊದಲು ಕಿವಿಗೆ ಎಣ್ಣೆ ಸವರಿಕೊಳ್ಳಿ ಎಂದು ಎಷ್ಟು ವರ್ಷ ಹೇಳಿದೆ, ಒಮ್ಮೆಯೂ ಸವರಲಿಲ್ಲ. ಅಲ್ಲೇ ಇರಿ ಎಂದೆ, ಎದ್ದು ಹೋಗಿ ಬಣ್ಣ ಹಚ್ಚಿದರು. ನನ್ನ ಒಂದು ಮಾತನ್ನಾದರೂ ಕೇಳಿದ ಜನವೇ ಅಲ್ಲ.